ಸೋತ ಹಾಡುಗಳ ವಕಾಲತ್ತು

ಇಂಗ್ಲೆಂಡಿನಲ್ಲಿ ಪಾಪ್ ಹಾಡುಗಳಿಗೆ ನಂಬರು ಹಚ್ಚುವ ಕೆಲಸ ಶುರುವಾದದ್ದು ಒಂದು ಟೆಲಿಫೋನಿನಿಂದ. 1952ರ ನವೆಂಬರ್‌ನಲ್ಲಿ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯ ಜಾಹೀರಾತು ನೋಡಿಕೊಳ್ಳುತ್ತಿದ್ದ ಪರ್ಸಿ ಡಿಕಿನ್ಸ್ ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನು ಮಾಡಿ, ಆ ವಾರ ಯಾವುದು ಹೆಚ್ಚು ಖರ್ಚಾಯಿತೆಂದು ವಿಚಾರಿಸಿ, ಅವರು ಹೇಳಿದ್ದನ್ನು ಕೂಡಿಸಿ 12 ಸ್ಥಾನಗಳ ಪಟ್ಟಿ ಮಾಡಿದ. ಕೆಲವು ಹಾಡುಗಳು ಸರಿಸಮ ಬಂದವು. ಅವನ್ನು ಒಂದೇ ಸ್ಥಾನದಲ್ಲಿ ಕೂರಿಸಿದ್ದರಿಂದ 12ರ ಪಟ್ಟಿಯಲ್ಲಿ 15 ಹಾಡುಗಳಾದವು! ಮುಂದೆ ಎಷ್ಟೋ ಗಾಯಕರ ಹಣೆಬರಹ ಬರೆದ ಪದ್ಧತಿಯ ಮೊದಲ ದಿನದ ಲೆಕ್ಕವೇ ಹೀಗಿತ್ತು.

ಅದೇ ಚಳಿಗಾಲದಲ್ಲಿ, ಡಿಸೆಂಬರಿನ ಮೊದಲಿಗೆ, ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' ಆರಂಭವಾಯಿತು. ಹಾಡುಗಳಿಗೆ ಕ್ರಮಾಂಕ ಬಂದದ್ದು ಸ್ವಲ್ಪ ತಡವಾಗಿ. ಬಂದಮೇಲೆ ಮಾತ್ರ ಬುಧವಾರ ರಾತ್ರಿ ಎಂಟು ಗಂಟೆ ಎಂದರೆ ಹಿಂದಿ ನೆಟ್ಟಗೆ ಬಾರದ ನಮ್ಮ ಮನೆಯ ಹಿರಿಯರೂ ರೇಡಿಯೋ ಮುಂದೆ ಕುಳಿತುಬಿಡುತ್ತಿದ್ದರಂತೆ. ಯಾವ ಹಾಡು ಯಾವ 'ಪಾಯ್‌ದಾನ್', ಅಂದರೆ ಮೆಟ್ಟಿಲು, ಏರಿತು, ಯಾವುದು ಜಾರಿತು ಎನ್ನುವುದರ ಮೇಲೆ ಮರುದಿನ ಆಫೀಸಿನಲ್ಲಿ ವಾಗ್ವಾದ. ನಮ್ಮ ಸೋದರತ್ತೆಯೊಬ್ಬರು ತಮ್ಮ ಮೆಚ್ಚಿನ ಹಾಡಿಗೆ ಅನ್ಯಾಯವಾಯಿತೆಂದು ಇವತ್ತಿಗೂ ಮುನಿಸಿಕೊಂಡಿದ್ದಾರೆ. ಯಾವ ಹಾಡು ಎಂದರೆ ಹೇಳುವುದಿಲ್ಲ. "ನಿನಗೆ ಅರ್ಥವಾಗಲ್ಲ ಬಿಡು" ಎನ್ನುತ್ತಾರೆ. ನನ್ನ ರೋಗ ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ನನ್ನದು ಇಂಗ್ಲಿಷ್ ಪಾಪ್ ಹಾಡುಗಳ ಪರ ವಕಾಲತ್ತು, ಅದರಲ್ಲೂ ಸೋತವುಗಳದ್ದು. ನನ್ನ ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಕ್ಯಾಸೆಟ್ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ 'ಗ್ರೇಟೆಸ್ಟ್ ಹಿಟ್ಸ್'. ಅಂದರೆ ಅಲ್ಲಿ ಗೆದ್ದು, ಎಣಿಸಿಕೊಂಡು, ಹಡಗು ಹತ್ತಿ ಬಂದವು ಮಾತ್ರ ನಮ್ಮ ಕಿವಿಗೆ. ಸೋತ ಹಾಡು ಅಲ್ಲಿಯೂ ಸೋತು, ಇಲ್ಲಿಗೆ ಬರುವ ಯೋಗ್ಯತೆಯನ್ನೂ ಕಳೆದುಕೊಂಡಿರುತ್ತಿತ್ತು. ಮುಂದೆ ಇಂಟರ್ನೆಟ್ ಬಂದು ಎಲ್ಲ ಬಾಗಿಲು ತೆರೆದಾಗ ನಾನು ಗೆದ್ದವುಗಳ ಕಡೆ ಹೋಗಲಿಲ್ಲ; ಅವನ್ನು ಕೇಳಿ ಕೇಳಿ ಸಾಕಾಗಿತ್ತು. 60ನೇ ಸ್ಥಾನ, 88ನೇ ಸ್ಥಾನ, ಪಟ್ಟಿಗೇ ಬಾರದವು ಇವನ್ನೆಲ್ಲ ಹುಡುಕಿಕೊಂಡು ಹೋದೆ. ಹೋದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಾ ಬಂತು: ಚಾರ್ಟು ಎಂಬುದು ಹಾಡಿನ ಪರೀಕ್ಷೆಯಲ್ಲ, ಒಂದು ವಾರದ ವ್ಯಾಪಾರದ ಪರೀಕ್ಷೆ. ಆ ವಾರ ಲಾರಿ ಬಂತೇ, ರೇಡಿಯೋದವನು ಹಾಕಿದನೇ, ಎದುರಿಗೆ ಯಾರಿದ್ದರು ಎಂಬುದರ ಮೇಲೆ ಫಲಿತಾಂಶ.

ಒಂದೇ ಚಾರ್ಟು ಇದ್ದಿದ್ದರೂ ಒಪ್ಪಬಹುದಿತ್ತು. ಅರವತ್ತರ ದಶಕದ ಇಂಗ್ಲೆಂಡಿನಲ್ಲಿ ಪತ್ರಿಕೆಗೊಂದು ಪಟ್ಟಿ. 1963ರಲ್ಲಿ ಬೀಟಲ್ಸ್‌ನವರ 'ಪ್ಲೀಸ್ ಪ್ಲೀಸ್ ಮೀ' ಹಾಡು 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪಟ್ಟಿಯಲ್ಲಿ ಮೊದಲನೆಯದು, 'ಮೆಲೊಡಿ ಮೇಕರ್' ಪಟ್ಟಿಯಲ್ಲೂ ಮೊದಲನೆಯದು. 'ರೆಕಾರ್ಡ್ ರಿಟೇಲರ್' ಎಂಬ ವ್ಯಾಪಾರಿಗಳ ಪತ್ರಿಕೆಯಲ್ಲಿ ಮಾತ್ರ ಎರಡನೆಯದು. ಎಷ್ಟೋ ವರ್ಷಗಳ ಮೇಲೆ ಇತಿಹಾಸ ಬರೆಯುವವರು ಆ ದಶಕಕ್ಕೆ ಈ ಮೂರನೆಯದನ್ನೇ ಪ್ರಮಾಣವೆಂದು ಹಿಡಿದರು. ಹೀಗಾಗಿ ಆವತ್ತು ಗೆದ್ದೆವೆಂದು ಕುಣಿದ ಹುಡುಗರು ಪೂರ್ವಾನ್ವಯವಾಗಿ ಸೋತರು. 2000ದಲ್ಲಿ ಅವರ ಮೊದಲ ಸ್ಥಾನದ ಹಾಡುಗಳನ್ನೆಲ್ಲ ಸೇರಿಸಿ '1' ಎಂಬ ಆಲ್ಬಂ ತಂದಾಗ ಇದಕ್ಕೆ ಜಾಗವಿರಲಿಲ್ಲ.

ಬೀಟಲ್ಸ್‌ಗೆ ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವನು ನಮ್ಮ ಮದರಾಸಿನಲ್ಲಿ ಹುಟ್ಟಿದವನು. 1967ರ ಫೆಬ್ರವರಿಯಲ್ಲಿ ಅವರು ಒಂದೇ ತಟ್ಟೆಯ ಎರಡು ಮುಖಗಳಲ್ಲಿ 'ಪೆನ್ನಿ ಲೇನ್' ಮತ್ತು 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಬಿಡುಗಡೆ ಮಾಡಿದರು. ಎರಡೂ ಲಿವರ್‌ಪೂಲಿನ ಬಾಲ್ಯದ ಹಾಡುಗಳು. ಪಾಪ್ ಸಂಗೀತದಲ್ಲಿ ಒಂದೇ ತಟ್ಟೆಗೆ ಇಷ್ಟು ಸಂಪತ್ತು ಸೇರಿದ್ದು ಅಪರೂಪ. ಇಂಗ್ಲೆಂಡಿನಲ್ಲಿ ಅದು ಎರಡನೇ ಸ್ಥಾನಕ್ಕೆ ನಿಂತುಬಿಟ್ಟಿತು. ಮೊದಲ ಸ್ಥಾನದಲ್ಲಿ ಆರು ವಾರ ಅಲುಗಾಡದೆ ಕುಳಿತಿದ್ದದ್ದು ಎಂಗೆಲ್ಬರ್ಟ್ ಹಂಪರ್‌ಡಿಂಕ್‌ನ 'ರಿಲೀಸ್ ಮೀ'. ಈತ ಬ್ರಿಟಿಷ್ ಸೈನ್ಯದಲ್ಲಿದ್ದವನೊಬ್ಬನ ಮಗ. 1936ರಲ್ಲಿ ಮದರಾಸಿನಲ್ಲಿ ಹುಟ್ಟಿ ಲೆಸ್ಟರಿನಲ್ಲಿ ಬೆಳೆದವನು. ಲಂಡನ್ ಪಲೇಡಿಯಂನ ಭಾನುವಾರದ ಟಿವಿ ಕಾರ್ಯಕ್ರಮಕ್ಕೆ ಬರಬೇಕಿದ್ದ ಗಾಯಕ ಕಾಯಿಲೆ ಬಿದ್ದ, ಬದಲಿಗೆ ಇವನು ಹಾಡಿದ, ಹಾಡು ಮನೆಮನೆಗೆ ತಲುಪಿತು. ಒಬ್ಬರ ಕಾಯಿಲೆ, ಇನ್ನೊಬ್ಬರ ಅದೃಷ್ಟ, ನಾಲ್ವರ ಎರಡನೇ ಸ್ಥಾನ. ಹಾಗೆಂದು 'ರಿಲೀಸ್ ಮೀ'ಯನ್ನು ಬೈಯಲು ನಾನು ತಯಾರಿಲ್ಲ. ಅದೂ ಮುದ್ದಾದ ಹಾಡೇ. ಆಂಗ್ಲೋ ಇಂಡಿಯನ್ ಮದುವೆಗಳಲ್ಲಿ ಅದಕ್ಕೆ ಕಣ್ಣೊರೆಸಿಕೊಂಡವರನ್ನು ನೋಡಿದ್ದೇನೆ. ಬೀಟಲ್ಸ್‌ಗೂ ಅದರಿಂದ ಅನ್ನ ಕಡಿಮೆಯಾಗಲಿಲ್ಲ. ಈ ಕೇಸಿನಲ್ಲಿ ಕಕ್ಷಿದಾರನೇ ಸುಖವಾಗಿದ್ದಾನೆ. ವಕೀಲನಿಗೆ ಮಾತ್ರ ನಿದ್ದೆಯಿಲ್ಲ.

ನಿಜವಾಗಿ ಪೆಟ್ಟು ತಿಂದವರು ಬೇರೆ. 1966ರ 'ರಿವರ್ ಡೀಪ್, ಮೌಂಟನ್ ಹೈ' ಹಾಡನ್ನೇ ತೆಗೆದುಕೊಳ್ಳಿ. ಟೀನಾ ಟರ್ನರ್ ಎದೆ ಬಿರಿಯುವಂತೆ ಹಾಡಿದ್ದಾಳೆ. ಫಿಲ್ ಸ್ಪೆಕ್ಟರ್ ಸ್ಟುಡಿಯೋದಲ್ಲಿ ವಾದ್ಯಗಳ ಗೋಡೆಯನ್ನೇ ಕಟ್ಟಿದ್ದಾನೆ. ಬ್ರಿಟನ್ನಿನಲ್ಲಿ ಅದು ಮೂರನೇ ಸ್ಥಾನ ತಲುಪಿತು. ಅಮೆರಿಕದಲ್ಲಿ 88. ಬಿಳಿಯರ ರೇಡಿಯೋಗೆ ತೀರಾ ಕಪ್ಪಾಯಿತು, ಕಪ್ಪು ಜನರ ರೇಡಿಯೋಗೆ ತೀರಾ ಬಿಳಿಯಾಯಿತು, ಹಾಕುವವರಿಲ್ಲದೆ ಹೋಯಿತು ಎಂದು ಹೇಳುವುದುಂಟು. ಸ್ಪೆಕ್ಟರ್ ಸಿಟ್ಟಿನಿಂದ ತನ್ನ ಕಂಪನಿಯ ಬಾಗಿಲೆಳೆದು ಮನೆಯೊಳಗೆ ಕುಳಿತ. ಆ ಮನುಷ್ಯನ ಬಗ್ಗೆ ಕನಿಕರ ಪಡುವ ಅಗತ್ಯವಿಲ್ಲ, ಮುಂದೆ ಕೊಲೆ ಮಾಡಿದ್ದಕ್ಕೆ ಜೈಲು ಶಿಕ್ಷೆ ಅನುಭವಿಸುತ್ತಲೇ ಸತ್ತ. ಹಾಡು ಏನು ತಪ್ಪು ಮಾಡಿತ್ತು?

ಜಾಂಬೀಸ್ ತಂಡದ ಕಥೆ ನನಗೆ ಇವೆಲ್ಲಕ್ಕಿಂತ ಪ್ರಿಯ. ಲಂಡನ್ನಿನ ಹತ್ತಿರದ ಸೇಂಟ್ ಆಲ್ಬನ್ಸ್‌ನ ಸಭ್ಯ ಹುಡುಗರು. 1964ರಲ್ಲಿ ಮೊದಲ ಹಾಡಿಗೇ ಅಮೆರಿಕದಲ್ಲಿ ಹೆಸರು ಮಾಡಿದವರು, ಬರಬರುತ್ತಾ ಒಂದಾದ ಮೇಲೊಂದು ಹಾಡು ನೆಲಕಚ್ಚಿತು. 1967ರಲ್ಲಿ ಕಡೆಯದೊಂದು ಆಲ್ಬಂ ಮಾಡಿಬಿಡೋಣ ಎಂದು ಬೀಟಲ್ಸ್‌ನವರು ಆಗತಾನೇ ಬಿಟ್ಟುಹೋಗಿದ್ದ ಅಬಿ ರೋಡಿನ ಸ್ಟುಡಿಯೋಗೆ ಹೋದರು. ಕಂಪನಿ ಕೊಟ್ಟ ಹಣ ಸಾಲದೆ, ಸ್ಟೀರಿಯೋ ಮಿಕ್ಸಿಂಗಿಗೆ ಹಾಡು ಬರೆಯುವ ಇಬ್ಬರೂ ತಮ್ಮ ಜೇಬಿನಿಂದ ಹಾಕಿದರು. ಆಲ್ಬಂನ ಹೊದಿಕೆ ಬರೆದ ಸ್ನೇಹಿತ ಅದರ ಹೆಸರಿನಲ್ಲಿದ್ದ 'ಒಡಿಸ್ಸಿ' ಎಂಬ ಮಾತಿನ ಕಾಗುಣಿತ ತಪ್ಪಿದ, ತಿದ್ದಲು ಹೊತ್ತಾಗಿತ್ತು. ಮೊದಲ ಸಿಂಗಲ್ಲಿಗೆ ಗಿರಾಕಿಗಳಿಲ್ಲ. ಆ ಡಿಸೆಂಬರಿನಲ್ಲೇ ತಂಡ ಒಡೆಯಿತು. ಆಲ್ಬಂ ಅಂಗಡಿಗೆ ಬಂದದ್ದು 1968ರ ಏಪ್ರಿಲ್‌ನಲ್ಲಿ. ತಿಥಿಯೂ ಮುಗಿದ ಮೇಲೆ.

ಇನ್ನು ಮುಂದಿನದು ಸಿನಿಮಾದವರು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಅಮೆರಿಕದ ಅಲ್ ಕೂಪರ್ ಎಂಬ ಸಂಗೀತಗಾರ ಲಂಡನ್ನಿನಿಂದ ಆ ಆಲ್ಬಂ ಕೊಂಡೊಯ್ದು, ತಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕೊಲಂಬಿಯಾ ಕಂಪನಿಯಲ್ಲಿ ಬಿಡುಗಡೆ ಮಾಡಲೇಬೇಕೆಂದು ಹಟ ಹಿಡಿದ. ಆಲ್ಬಂನ ಕೊನೆಯ ಹಾಡು 'ಟೈಮ್ ಆಫ್ ದ ಸೀಸನ್' ನಿಧಾನವಾಗಿ ಒಂದೊಂದೇ ಊರಿನ ರೇಡಿಯೋ ಹಿಡಿದು, 1969ರ ಮೊದಲ ತಿಂಗಳುಗಳಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೂರನೇ ಸ್ಥಾನಕ್ಕೆ ಬಂತು. ಹಾಡಲು ತಂಡ ಎಲ್ಲಿದೆ? ಹಾಡಿದ ಕಾಲಿನ್ ಬ್ಲನ್‌ಸ್ಟೋನ್ ತಂಡ ಒಡೆದ ಮೇಲೆ ಲಂಡನ್ನಿನ ಇನ್ಶೂರೆನ್ಸ್ ಆಫೀಸೊಂದರಲ್ಲಿ ಗುಮಾಸ್ತನಾಗಿ ಸೇರಿಕೊಂಡಿದ್ದ. ಇತ್ತ ಅಮೆರಿಕದಲ್ಲಿ ಟಿಕೆಟ್ ಮಾರುವವರಿಗೆ ತಡೆಯಲಾಗಲಿಲ್ಲ, ನಕಲಿ ಜಾಂಬೀಸ್‌ಗಳನ್ನು ಹುಟ್ಟುಹಾಕಿ ಊರೂರು ತಿರುಗಿಸಿದರು. ಒಂದು ನಕಲಿ ತಂಡದಲ್ಲಿದ್ದ ಟೆಕ್ಸಸ್ಸಿನ ಇಬ್ಬರು ಹುಡುಗರು ಆಮೇಲೆ 'ಝೀಝೀ ಟಾಪ್' ತಂಡದಲ್ಲಿ ಜಗತ್ಪ್ರಸಿದ್ಧರಾದರು. ಸ್ವಂತ ದೇಶದಲ್ಲಿ ಮಾತ್ರ ಆ ಹಾಡು ಚಾರ್ಟಿನ ಹೊಸ್ತಿಲು ಕೂಡ ತುಳಿಯಲಿಲ್ಲ. ಬೇಕಿದ್ದರೆ ಒಂದು ಸಲ ಕೇಳಿ. ಆ ಬಾಸ್ ಗಿಟಾರು, ಅದರ ಬೆನ್ನಿಗೇ ಒಂದು ಚಪ್ಪಾಳೆ, ಒಂದು ನಿಟ್ಟುಸಿರು. ಮೊದಲ ಹತ್ತು ಸೆಕೆಂಡಿಗೇ ನಾನು ಅರ್ಜಿಗೆ ಸಹಿ ಹಾಕಿದೆ.

ಇದನ್ನೆಲ್ಲ ಮಲ್ಲೇಶ್ವರದಲ್ಲಿರುವ ನನ್ನ ಅಕ್ಕನ ಮಗನ ಮುಂದೆ ಹೇಳಿದರೆ ಅವನು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವ್ಯೂಸ್ ಇದೆ ಮಾಮ?" ನಾನು ಹೇಳುತ್ತೇನೆ. "ಅಷ್ಟು ಕಮ್ಮಿಯೇನಲ್ಲವಲ್ಲ" ಎನ್ನುತ್ತಾನೆ. ಅಲ್ಲೇ ನನ್ನ ಕೇಸು ಬಿದ್ದುಹೋಗುತ್ತದೆ. ಅರವತ್ತು ವರ್ಷ ಹನಿಹನಿಯಾಗಿ ಕೂಡಿದ ಕೇಳುಗರು ಇವತ್ತು ಒಂದು ಅಂಕಿಯಾಗಿ ಹಾಡಿನ ಕೆಳಗೆ ಕಾಣಿಸುತ್ತಾರೆ. ಬೇಕಾಗಿದ್ದ ವಾರದಲ್ಲಿ ಅವರು ಹುಟ್ಟಿಯೇ ಇರಲಿಲ್ಲ ಎನ್ನುವುದು ಅವನಿಗೆ ಸಣ್ಣ ವಿಷಯ. "ಈಗ ಸಿಕ್ಕಿತಲ್ಲ, ಮತ್ತೇನು?" ಎಂದು ಮೊಬೈಲಿನೊಳಗೆ ಮುಳುಗುತ್ತಾನೆ. ಇನ್ಶೂರೆನ್ಸ್ ಆಫೀಸಿನಲ್ಲಿ ಫೈಲು ತಿರುವಿದ ಗಾಯಕನಿಗೆ ಈಗಿನ ವ್ಯೂಸ್‌ನಿಂದ ಆಗಿನ ಸಂಬಳ ಹೆಚ್ಚುತ್ತದೆಯೇ ಎಂದು ಕೇಳಬೇಕೆನಿಸುತ್ತದೆ. ಕೇಳಿದರೆ ಅವನ ಅಮ್ಮ ಅಡುಗೆಮನೆಯಿಂದ, "ಮಗು ಜೊತೆ ಏನೋ ನಿನ್ನ ಜಗಳ?" ಎನ್ನುತ್ತಾಳೆ.

ಸೋಲನ್ನೇ ಅರ್ಹತೆಯೆಂದು ಭಾವಿಸಿದ ಜನರೂ ಒಂದು ಕಾಲಕ್ಕೆ ಇದ್ದರು. ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳ ಕೆಲಸಗಾರ ಹುಡುಗ ಹುಡುಗಿಯರು. ಅವರಿಗೆ ಬೇಕಾಗಿದ್ದದ್ದು ಅಮೆರಿಕದ ಕಪ್ಪು ಗಾಯಕರ ಅರವತ್ತರ ದಶಕದ ವೇಗದ ಸೋಲ್ ಹಾಡು. ಅದೂ ಹಿಟ್ ಆದದ್ದಲ್ಲ. ಡೆಟ್ರಾಯಿಟ್, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್‌ನ ಸಣ್ಣ ಕಂಪನಿಗಳು ಹಿಟ್ ಆದೀತೆಂದು ಅಚ್ಚು ಹಾಕಿ, ಮಾರಲಾಗದೆ ಗೋದಾಮಿಗೆ ತಳ್ಳಿದ್ದು. ಲಂಡನ್ನಿನ ಅಂಗಡಿಕಾರ ಹಾಗೂ ಬರಹಗಾರ ಡೇವ್ ಗೋಡಿನ್ ಇದಕ್ಕೆ 'ನಾರ್ದರ್ನ್ ಸೋಲ್' ಎಂದು ಹೆಸರಿಟ್ಟ. ಫುಟ್‌ಬಾಲ್ ನೋಡಲು ಬಂದ ಉತ್ತರದ ಹುಡುಗರು ಅವನ ಅಂಗಡಿಯಲ್ಲಿ ಹೊಸದನ್ನು ಬಿಟ್ಟು ಹಳೆಯದನ್ನೇ ಕೇಳುತ್ತಿದ್ದರಂತೆ. 1973ರಿಂದ 1981ರವರೆಗೆ ವಿಗನ್ ಕಸೀನೊದಲ್ಲಿ ಶನಿವಾರ ರಾತ್ರಿಯಿಡೀ ಕುಣಿತ. ಮದ್ಯವಿಲ್ಲ. ಕಾಲು ಜಾರಲೆಂದು ನೆಲಕ್ಕೆ ಟಾಲ್ಕಂ ಪೌಡರು. ಎಲ್ಲರಿಗೂ ಗೊತ್ತಿರುವ ಹಾಡು ಹಾಕಿದ ಡೀಜೆಗೆ ಅಲ್ಲಿ ಮರ್ಯಾದೆಯಿಲ್ಲ. ಅಪರೂಪದ ತಟ್ಟೆ ಸಿಕ್ಕರೆ ಅದರ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ, ಗಾಯಕನಿಗೆ ಸುಳ್ಳು ಹೆಸರು ಕೊಟ್ಟು, ಎದುರಾಳಿ ಡೀಜೆಗಳಿಗೆ ಸುಳಿವು ಸಿಗದಂತೆ ಬಾರಿಸುತ್ತಿದ್ದರು. ಅಮೆರಿಕದಲ್ಲಿ ಹೆಸರಿಗಾಗಿ ಹಾಡಿದವನು ವಿಗನ್ನಿನಲ್ಲಿ ಬೇರೆ ಹೆಸರಿನಿಂದ ಪ್ರಸಿದ್ಧನಾದ!

ಮೋಟೌನ್ ಕಂಪನಿಯ ಫ್ರಾಂಕ್ ವಿಲ್ಸನ್‌ಗೆ ಆದದ್ದು ಇದೇ. 1965ರಲ್ಲಿ ಅವನು ಹಾಡಿದ 'ಡೂ ಐ ಲವ್ ಯೂ' ಅಚ್ಚಾಯಿತು, ಬಿಡುಗಡೆಯಾಗಲಿಲ್ಲ. ಅವನು ಗಾಯಕನಾಗುವುದನ್ನು ಬಿಟ್ಟು ಬೇರೆಯವರಿಂದ ಹಾಡಿಸುವ ನಿರ್ಮಾಪಕನಾದ. ಪ್ರತಿಗಳೆಲ್ಲ ನಾಶವಾದವು ಎನ್ನುವಾಗ ಒಂದೆರಡು ಉಳಿದುಕೊಂಡವು, ಕಡಲು ದಾಟಿದವು, ಎಡ್ಡಿ ಫಾಸ್ಟರ್ ಎಂಬ ಕಳ್ಳ ಹೆಸರಿನಲ್ಲಿ ಮೆರೆದವು. 2009ರಲ್ಲಿ ಒಂದು ಪ್ರತಿ 25 ಸಾವಿರ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. ಆ ಹಾಡು ಹಿಟ್ ಆಗಿದ್ದರೆ ಇವತ್ತು ಅದರ ತಟ್ಟೆ ಹಳೇ ಸಾಮಾನಿನ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿತ್ತು. ಗ್ಲೋರಿಯಾ ಜೋನ್ಸ್ ಹಾಡಿದ 'ಟೇಂಟೆಡ್ ಲವ್' ಕೂಡ ಆ ಕಾಲದ್ದೇ. ಅದು ಮುಖ್ಯ ಹಾಡೂ ಅಲ್ಲ, ತಟ್ಟೆಯ ಹಿಂಬದಿಯಲ್ಲಿದ್ದದ್ದು. ಮುಂಬದಿಯೂ ಓಡಲಿಲ್ಲ. ವಿಗನ್ನಿನವರು ಅದನ್ನು ಕುಣಿದು ಕುಣಿದು ಬದುಕಿಸಿದರು. 1981ರಲ್ಲಿ ಸಾಫ್ಟ್ ಸೆಲ್ ಎಂಬ ಇಬ್ಬರು ಹುಡುಗರು ಯಂತ್ರದ ತಾಳ ಹಾಕಿ ಹಾಡಿದಾಗ ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನ. ಅಮೆರಿಕದ ಪಟ್ಟಿಯಲ್ಲಿ 43 ವಾರ ಬೀಡುಬಿಟ್ಟಿತ್ತು. ಆದರೆ ಅವರು ಹಿಂಬದಿಗೂ ಬೇರೆಯವರ ಹಾಡನ್ನೇ ಹಾಕಿದ್ದರು. ಹೀಗಾಗಿ ಅಷ್ಟು ದೊಡ್ಡ ಗೆಲುವಿನಲ್ಲಿ ಹಾಡು ಬರೆದವರಿಗೆ ಸಲ್ಲುವ ರಾಯಲ್ಟಿ ಅವರ ಕೈಗೆ ಬರಲಿಲ್ಲ. ಈ ವ್ಯಾಪಾರದಲ್ಲಿ ಗೆದ್ದವನಿಗೂ ವಕೀಲ ಬೇಕು.

ಲೆನರ್ಡ್ ಕೊಹೆನ್‌ನ 'ಹಾಲೆಲೂಯ' ಕಥೆ ಎಲ್ಲರಿಗೂ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. 1984ರಲ್ಲಿ ಆ ಹಾಡಿದ್ದ ಆಲ್ಬಮನ್ನು ಅವನ ಅಮೆರಿಕದ ಕಂಪನಿ ಬಿಡುಗಡೆ ಮಾಡಲೇ ಒಪ್ಪಲಿಲ್ಲ. 2008ರ ಕ್ರಿಸ್‌ಮಸ್ ಹೊತ್ತಿಗೆ ಅದೇ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೂರು ಕಂಠಗಳಲ್ಲಿತ್ತು. ಟಿವಿ ಸ್ಪರ್ಧೆ ಗೆದ್ದ ಅಲೆಕ್ಸಾಂಡ್ರಾ ಬರ್ಕ್ ಮೊದಲನೆಯವಳು, ತೀರಿಹೋಗಿ ಹನ್ನೊಂದು ವರ್ಷವಾಗಿದ್ದ ಜೆಫ್ ಬಕ್ಲಿ ಎರಡನೆಯವನು. ಬರೆದ ಕೊಹೆನ್ 36ನೆಯವನು. ಮೂರರಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಬಕ್ಲಿಯದು ಮೇಲು.

ಇನ್ನು ನನ್ನ ಮುಖ್ಯ ಕಕ್ಷಿದಾರರು. ಅಮೆರಿಕದ ಮೆಂಫಿಸ್ ಊರಿನ ನಾಲ್ವರು, ತಂಡದ ಹೆಸರು ಬಿಗ್ ಸ್ಟಾರ್. ಅದು ಅವರ ಸ್ಟುಡಿಯೋ ಬಳಿಯಿದ್ದ ದಿನಸಿ ಅಂಗಡಿಯ ಬೋರ್ಡಿನಿಂದ ಎತ್ತಿಕೊಂಡ ಹೆಸರು. 1972ರಲ್ಲಿ ಬಂದ ಮೊದಲ ಆಲ್ಬಮ್ಮಿಗೆ 'ನಂಬರ್ ಒನ್ ರೆಕಾರ್ಡ್' ಎಂದೇ ಹೆಸರಿಟ್ಟರು. ದೃಷ್ಟಿ ತಾಕಲು ಇಷ್ಟು ಸಾಕಿತ್ತು. ಹಾಡುವ ಅಲೆಕ್ಸ್ ಚಿಲ್ಟನ್ ಹೊಸಬನಲ್ಲ. 1967ರಲ್ಲಿ, ಹದಿನಾರು ವರ್ಷದವನಿದ್ದಾಗಲೇ, ಬಾಕ್ಸ್ ಟಾಪ್ಸ್ ತಂಡದಲ್ಲಿ ಅವನು ಹಾಡಿದ 'ದ ಲೆಟರ್' ಅಮೆರಿಕದಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಜೊತೆಗಿದ್ದ ಕ್ರಿಸ್ ಬೆಲ್ ಗಿಟಾರಿನಿಂದ ಗಾಜಿನ ಗಂಟೆಯಂಥ ನಾದ ಹೊರಡಿಸುತ್ತಿದ್ದ. ವಿಮರ್ಶಕರು ಹೊಗಳಿ ಹೊಗಳಿ ಸುಸ್ತಾದರು. ಬಿಲ್‌ಬೋರ್ಡ್ ಪತ್ರಿಕೆ, ಇದರ ಯಾವ ಹಾಡನ್ನು ಬೇಕಾದರೂ ಸಿಂಗಲ್ ಮಾಡಬಹುದು ಎಂಬರ್ಥದಲ್ಲಿ ಬರೆಯಿತು.

ಓದಿದವರು ಅಂಗಡಿಗೆ ಹೋದರೆ ರೆಕಾರ್ಡೇ ಇಲ್ಲ! ಅದನ್ನು ಹಂಚಬೇಕಿದ್ದ ಸ್ಟ್ಯಾಕ್ಸ್ ಕಂಪನಿ ಸೋಲ್ ಸಂಗೀತದಲ್ಲಿ ಹೆಸರಾದದ್ದು. ಬಿಳಿ ಹುಡುಗರ ಗಿಟಾರು ಸಂಗೀತವನ್ನು ಯಾವ ಅಂಗಡಿಗೆ, ಯಾವ ರೇಡಿಯೋಗೆ ತಲುಪಿಸಬೇಕೆಂಬುದು ಅದಕ್ಕೆ ತಿಳಿದಿರಲಿಲ್ಲ. ಆಮೇಲೆ ಸ್ಟ್ಯಾಕ್ಸ್ ಹಂಚಿಕೆಯ ಕೆಲಸವನ್ನು ಕೊಲಂಬಿಯಾಗೆ ಒಪ್ಪಿಸಿತು. ಕೊಲಂಬಿಯಾದವರಿಗೆ ಇದರಲ್ಲಿ ಆಸಕ್ತಿಯಿಲ್ಲ. ಮಾರಾಟವಾದದ್ದು ಕೆಲವೇ ಸಾವಿರ. ಮನಸ್ಸು ಮುರಿದ ಬೆಲ್ ತಂಡ ಬಿಟ್ಟ. ಉಳಿದ ಮೂವರು 1974ರಲ್ಲಿ 'ರೇಡಿಯೋ ಸಿಟಿ' ತಂದರು. ಅದಕ್ಕೂ ಅದೇ ಗತಿ. ಕಂಪನಿಗಳ ಜಗಳದ ನಡುವೆ ರೆಕಾರ್ಡುಗಳು ಪೆಟ್ಟಿಗೆಯಲ್ಲೇ ಉಳಿದವು. ಆ ಆಲ್ಬಮ್ಮಿನಲ್ಲಿರುವ 'ಸೆಪ್ಟೆಂಬರ್ ಗರ್ಲ್ಸ್' ಎರಡು ಮುಕ್ಕಾಲು ನಿಮಿಷದ ಹಾಡು. ಗಿಟಾರು ಮಿಂಚುತ್ತದೆ, ಗಂಟಲು ಮಾತ್ರ ಒಳಗೊಳಗೇ ಅಳುತ್ತದೆ. ಕೇಳಿದವರಿಗೆ ಇದು ಊರೆಲ್ಲ ಹಾಡಿ ಹಳೆಯದಾದ ಹಿಟ್ ಎಂದೇ ಅನ್ನಿಸಬೇಕು, ಹಾಗೆ ಕಟ್ಟಿದ್ದಾರೆ. ಚಾರ್ಟಿನ ನೂರರೊಳಗೆ ಅದು ಒಂದು ವಾರವೂ ಇರಲಿಲ್ಲ.

ಬೆಲ್ ತನ್ನ ತಂದೆಯ ಹೋಟೆಲಿನಲ್ಲಿ ಕೆಲಸ ಮಾಡಿಕೊಂಡಿದ್ದು 1978ರ ಡಿಸೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 27. ಚಿಲ್ಟನ್ ಒಂದಷ್ಟು ಕಾಲ ನ್ಯೂ ಆರ್ಲಿಯನ್ಸ್‌ನ ಹೋಟೆಲಿನಲ್ಲಿ ತಟ್ಟೆ ತೊಳೆದ. ಅಷ್ಟರಲ್ಲಿ ಆ ಕೆಲವೇ ಸಾವಿರ ರೆಕಾರ್ಡುಗಳು ಕೈಯಿಂದ ಕೈಗೆ ಹೋಗಿ ಹೊಸ ತಂಡಗಳನ್ನು ಹುಟ್ಟಿಸುತ್ತಿದ್ದವು. 1986ರಲ್ಲಿ ಬ್ಯಾಂಗಲ್ಸ್ ಹುಡುಗಿಯರು ತಮ್ಮ ಆಲ್ಬಮ್ಮಿನಲ್ಲಿ 'ಸೆಪ್ಟೆಂಬರ್ ಗರ್ಲ್ಸ್' ಹಾಡಿದರು. ಆ ಆಲ್ಬಂ ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಬಂತು. ಮರುವರ್ಷ ರಿಪ್ಲೇಸ್‌ಮೆಂಟ್ಸ್ ತಂಡ 'ಅಲೆಕ್ಸ್ ಚಿಲ್ಟನ್' ಎಂಬ ಹೆಸರಿನಲ್ಲೇ ಒಂದು ಹಾಡು ಬರೆಯಿತು. ಅದೂ ಹಿಟ್ ಆಗಲಿಲ್ಲ, ಗುರುವಿಗೆ ತಕ್ಕ ಶಿಷ್ಯರು. ಕೊನೆಗೆ 1998ರಲ್ಲಿ 'ದಟ್ ಸೆವೆಂಟೀಸ್ ಶೋ' ಎಂಬ ಟಿವಿ ಧಾರಾವಾಹಿಗೆ ಬಿಗ್ ಸ್ಟಾರ್‌ನ 'ಇನ್ ದ ಸ್ಟ್ರೀಟ್' ಹಾಡನ್ನು ಬೇರೆಯವರಿಂದ ಹಾಡಿಸಿ ಶೀರ್ಷಿಕೆಗೀತೆ ಮಾಡಿದರು. ಎಪ್ಪತ್ತರ ದಶಕದ ಹುಡುಗರು ಕಾರಿನಲ್ಲಿ ಕುಳಿತು ಅದಕ್ಕೆ ತಲೆಯಾಡಿಸುತ್ತಾರೆ. ಎಪ್ಪತ್ತರ ದಶಕದ ನಿಜವಾದ ಹುಡುಗರಿಗೆ ಆ ಹಾಡು ಸಿಕ್ಕಿರಲೇ ಇಲ್ಲ ಎಂಬುದನ್ನು ಧಾರಾವಾಹಿ ಎಲ್ಲೂ ಹೇಳುವುದಿಲ್ಲ. ಪ್ರತಿ ಪ್ರಸಾರಕ್ಕೆ ತನಗೆ ಬರುವುದು 70 ಡಾಲರ್ ಎಂದು ಚಿಲ್ಟನ್ ನಗುತ್ತಿದ್ದ. ಎಪ್ಪತ್ತರ ಹಾಡಿಗೆ ಎಪ್ಪತ್ತು ಡಾಲರು, ಲೆಕ್ಕ ಸರಿಯಿದೆಯಲ್ಲ!

ಇಷ್ಟೆಲ್ಲ ಅನ್ಯಾಯಕ್ಕೆ ಪರಿಹಾರ ಕೇಳುವ ಜಾಗವೊಂದು ನಿಜಕ್ಕೂ ಇತ್ತು. 1981ರಲ್ಲಿ ಅಲ್ಟ್ರಾವಾಕ್ಸ್ ತಂಡದ 'ವಿಯೆನ್ನಾ' ಎಂಬ ಗಂಭೀರ, ಗಜಗಮನದ ಹಾಡು ಬ್ರಿಟನ್ನಿನಲ್ಲಿ ನಾಲ್ಕು ವಾರ ಎರಡನೇ ಸ್ಥಾನದಲ್ಲಿ ನಿಂತಿತ್ತು. ಒಂದು ವಾರ ಅದನ್ನು ತಡೆದದ್ದು ಆಗತಾನೇ ಕೊಲೆಯಾಗಿದ್ದ ಜಾನ್ ಲೆನನ್‌ನ ಹಾಡು. ಅದಕ್ಕೆ ಯಾರೂ ಗೊಣಗಲಿಲ್ಲ. ಉಳಿದ ಮೂರು ವಾರ ತಡೆದದ್ದು ಜೋ ಡೋಲ್ಚೆ ಎಂಬಾತ ಇಟಾಲಿಯನ್ನರ ಇಂಗ್ಲಿಷನ್ನು ಅಣಕಿಸಿ ಹಾಡಿದ ತಮಾಷೆ ಹಾಡು. ಈ ಗಾಯ ಬ್ರಿಟಿಷರಿಗೆ ಮಾಯಲಿಲ್ಲ. ಎರಡನೇ ಸ್ಥಾನದಲ್ಲೇ ನಿಂತ ಹಾಡುಗಳಲ್ಲಿ ಶ್ರೇಷ್ಠ ಯಾವುದು ಎಂದು ಬಿಬಿಸಿ ರೇಡಿಯೋದವರು ಕೇಳುಗರಿಂದ ಮತ ಹಾಕಿಸಿದರು. 'ವಿಯೆನ್ನಾ' ಗೆದ್ದಿತು. 2013ರಲ್ಲಿ, ಚಾರ್ಟನ್ನು ನಡೆಸುವ ಅಧಿಕೃತ ಸಂಸ್ಥೆಯೇ ಅದಕ್ಕೆ ಗೌರವ ಮೊದಲ ಸ್ಥಾನ ಕೊಟ್ಟಿತು, ನಮ್ಮಲ್ಲಿ ಗೌರವ ಡಾಕ್ಟರೇಟ್ ಕೊಡುವ ಹಾಗೆ.

ಸುದ್ದಿ ಓದಿದ ತಕ್ಷಣ ನಾನು 'ಸೆಪ್ಟೆಂಬರ್ ಗರ್ಲ್ಸ್' ಪರವಾಗಿ ಮನಸ್ಸಿನಲ್ಲೇ ಒಂದು ಅರ್ಜಿ ಬರೆದೆ. ನಿಯಮ ನೋಡಿದರೆ, ಆ ಕೋರ್ಟಿಗೆ ಹೋಗಬೇಕಾದರೆ ಹಾಡು ಮೊದಲು ಎರಡನೇ ಸ್ಥಾನವನ್ನಾದರೂ ಮುಟ್ಟಿರಬೇಕು. ಅಮೆರಿಕದ ಪಟ್ಟಿಯ ಸ್ಥಾನ ಅಲ್ಲಿ ನಡೆಯುವುದೂ ಇಲ್ಲ. ಅರ್ಜಿ ಹಾಗೇ ಇದೆ. ಅಕ್ಕನ ಮಗ ಮೊಬೈಲು ಕೆಳಗಿಟ್ಟ ದಿನ ಅವನಿಗೇ ಓದಿ ಹೇಳುತ್ತೇನೆ.